ದಾರಿ ತೋರುವವರಿಗೂ ದಾಖಲೆ ಬೇಕು

ನಾವು ಅಂತರಜಾಲದಲ್ಲಿ ಕಳುಹಿಸುವ ಪ್ರತಿಯೊಂದು ಮಾಹಿತಿಯೂ ಹಲವು ರೂಟರ್‌ಗಳನ್ನು ದಾಟಿ ಗುರಿ ಮುಟ್ಟುತ್ತದೆ. ಒಂದು ಸಂಸ್ಥೆಯ ಜಾಲದಿಂದ ಇನ್ನೊಂದರ ಜಾಲಕ್ಕೆ ದಾರಿ ಗೊತ್ತುಮಾಡುವುದು ಬಿಜಿಪಿ ಎಂಬ ನಿಯಮಾವಳಿ. ‘ಈ ವಿಳಾಸಗಳಿಗೆ ನನ್ನ ಮೂಲಕ ಬನ್ನಿ’ ಎಂದು ಒಂದು ಜಾಲ ಸಾರುತ್ತದೆ. ನೆರೆಯ ಜಾಲ ಅದನ್ನು ನಂಬಿ ಮುಂದಿನವರಿಗೆ ತಿಳಿಸುತ್ತದೆ. 1989ರಲ್ಲಿ ಈ ನಿಯಮಾವಳಿ ಮೊದಲು ಪ್ರಕಟವಾದಾಗ ಅಂತರಜಾಲ ಪುಟ್ಟದಾಗಿತ್ತು, ನಂಬಿಕೆಯೇ ಸಾಕಿತ್ತು. ಬ್ಯಾಂಕು, ಆಸ್ಪತ್ರೆ, ಸರ್ಕಾರಿ ಕಚೇರಿಗಳೆಲ್ಲ ಅದನ್ನೇ ಆಧರಿಸಿರುವ ಇಂದು ಬರಿಯ ನಂಬಿಕೆ ಸಾಲದು ಎಂಬುದು ನನ್ನ ವಾದ.

2008ರ ಫೆಬ್ರುವರಿ 24ರಂದು, ಯೂಟ್ಯೂಬನ್ನು ದೇಶದೊಳಗೆ ತಡೆಯಹೊರಟ ಪಾಕಿಸ್ತಾನ್ ಟೆಲಿಕಾಂ, ಆ ತಾಣದ 256 ವಿಳಾಸಗಳು ತನ್ನಲ್ಲಿವೆ ಎಂಬ ಘೋಷಣೆಯನ್ನು ಹೊರಜಗತ್ತಿಗೂ ಬಿಟ್ಟುಬಿಟ್ಟಿತು. ಹಾಂಗ್‌ಕಾಂಗ್‌ನ ಪಿಸಿಸಿಡಬ್ಲ್ಯು ಸಂಸ್ಥೆ ಪರಿಶೀಲಿಸದೆ ಅದನ್ನು ಹಂಚಿತು. ಯೂಟ್ಯೂಬ್ ಸಾರುತ್ತಿದ್ದುದು 1,024 ವಿಳಾಸಗಳ ಗುಚ್ಛವನ್ನು. ಒಂದೇ ವಿಳಾಸಕ್ಕೆ ಎರಡು ಘೋಷಣೆಗಳಿದ್ದರೆ ರೂಟರ್ ಚಿಕ್ಕ ಗುಚ್ಛದ್ದನ್ನೇ ಹೆಚ್ಚು ನಿಖರವೆಂದು ಆರಿಸುತ್ತದೆ. ಹೀಗೆ ಸುಮಾರು ಎರಡು ಗಂಟೆ ಕಾಲ ಜಗತ್ತಿನ ಬಹುಭಾಗಕ್ಕೆ ಯೂಟ್ಯೂಬ್ ಸಿಗಲಿಲ್ಲ. ನೆರೆಯವರ ಎಡವಟ್ಟೆಂದು ನಾವು ನಗುವಂತಿಲ್ಲ. 2021ರ ಏಪ್ರಿಲ್ 16ರಂದು ನಮ್ಮದೇ ವೊಡಾಫೋನ್ ಐಡಿಯಾದ ಜಾಲವು ತನ್ನದಲ್ಲದ ಸುಮಾರು 30 ಸಾವಿರ ವಿಳಾಸ ಗುಚ್ಛಗಳನ್ನು ತನ್ನವೆಂದು ಸಾರಿತ್ತು.

ಇದಕ್ಕೆ ಮದ್ದಿಲ್ಲದಿಲ್ಲ. ಪಹಣಿ ನೋಡದೆ ಜಮೀನು ಕೊಳ್ಳುವವರುಂಟೆ? ಆರ್‌ಪಿಕೆಐ ಎಂಬುದು ಅಂತಹುದೇ ದಾಖಲೆ ವ್ಯವಸ್ಥೆ. ತಮ್ಮ ವಿಳಾಸಗಳನ್ನು ಯಾವ ಜಾಲ ಸಾರಬಹುದೆಂಬುದನ್ನು ಅವುಗಳ ಹಕ್ಕುದಾರರು ಡಿಜಿಟಲ್ ಸಹಿಯೊಡನೆ ದಾಖಲಿಸುತ್ತಾರೆ. ಅದಕ್ಕೆ ವಿರುದ್ಧವಾದ ಘೋಷಣೆಯನ್ನು ರೂಟರ್ ತಳ್ಳಿಹಾಕಬಹುದು. ಇದು ಘೋಷಣೆಯ ಮೂಲವನ್ನಷ್ಟೇ ಪರೀಕ್ಷಿಸುತ್ತದೆ, ನಡುದಾರಿಯ ಮೋಸವನ್ನು ಹಿಡಿಯದು. ದಾಖಲೆಯೇ ತಪ್ಪಾದರೆ ಸರಿಯಾದ ದಾರಿ ಮುಚ್ಚೀತೆಂಬ ತಂತ್ರಜ್ಞರ ಅಳುಕೂ ನಿರಾಧಾರವಲ್ಲ. ಆದರೆ ಕಳ್ಳ ಹಂಚು ತೆಗೆದೂ ಇಳಿಯಬಲ್ಲನೆಂದು ಯಾರೂ ಬಾಗಿಲಿಗೆ ಅಗುಳಿ ಹಾಕದೆ ಮಲಗುವುದಿಲ್ಲ.

ದಾಖಲೆ ಬರೆದಿಟ್ಟರಷ್ಟೇ ಸಾಲದು, ಅದನ್ನು ತೆರೆದು ನೋಡುವವರೂ ಬೇಕು. ಒಂದು ಜಾಲ ಎಷ್ಟೇ ಎಚ್ಚರವಾಗಿದ್ದರೂ ಪಕ್ಕದ ಜಾಲ ಕಣ್ಣುಮುಚ್ಚಿದರೆ ಸುಳ್ಳು ದಾರಿ ಹಬ್ಬುತ್ತದೆ. ಈ ಹೊಣೆಯನ್ನು ಸಂಸ್ಥೆಗಳ ಸದ್ಭಾವನೆಗೇ ಬಿಡಬಾರದು. ಸರ್ಕಾರಿ ಇಲಾಖೆಗಳೂ ಬ್ಯಾಂಕುಗಳೂ ಅಂತರಜಾಲ ಸಂಪರ್ಕಕ್ಕೆ ಟೆಂಡರ್ ಕರೆಯುವಾಗ ಎರಡು ಷರತ್ತು ವಿಧಿಸಲಿ: ಸೇವಾದಾತರು ತಮ್ಮ ವಿಳಾಸಗಳಿಗೆ ಸಹಿ ಹಾಕಿರಬೇಕು, ಇತರರ ಸುಳ್ಳು ಘೋಷಣೆಗಳನ್ನು ತಿರಸ್ಕರಿಸಬೇಕು. ದೊಡ್ಡ ಗ್ರಾಹಕರು ಕೇಳತೊಡಗಿದರೆ ಸೇವಾದಾತರು ಮಾಡಿಯೇ ಮಾಡುತ್ತಾರೆ.