ಎರಡು ನದಿಗಳ ನಡುವಣ ಊರು

ಸಿಂಧನೂರು ತಾಲ್ಲೂಕಿನ ಮುಕ್ಕುಂದವು ತುಂಗಭದ್ರೆಯ ಉತ್ತರ ದಡದ ಗ್ರಾಮ. ನದಿಯ ಆಚೆಗಿರುವುದು ಬಳ್ಳಾರಿ ಸೀಮೆ. ಎರಡೂ ದಡಗಳಲ್ಲಿ ಆಡುವ ಮಾತು ಒಂದೇ, ಬಿತ್ತುವ ಬೆಳೆಯೂ ಬಹುಮಟ್ಟಿಗೆ ಒಂದೇ. ಹೀಗಿದ್ದರೂ 1948ರ ಸೆಪ್ಟೆಂಬರಿನವರೆಗೆ ಈ ನೀರು ಎರಡು ಸರಕಾರಗಳ ನಡುವಣ ಗೆರೆಯಾಗಿದ್ದಿತು. ಈಚೆಗೆ ನಿಜಾಮರ ಹೈದರಾಬಾದು, ಆಚೆಗೆ ಮದರಾಸು ಪ್ರಾಂತ. ಅದಕ್ಕೂ ಆರು ನೂರು ವರ್ಷಗಳ ಹಿಂದಿನಿಂದ ಈ ನೆಲಕ್ಕೆ ಗಡಿನಾಡಾಗಿರುವುದು ಅಭ್ಯಾಸವಾಗಿ ಹೋಗಿದ್ದಿತು.

ಗಡಿಯ ಊರು ಎಂದೊಡನೆ ಓದುಗರಿಗೆ ಯೂರೋಪಿನ ಸ್ಟ್ರಾಸ್‌ಬರ್ಗ್ ನೆನಪಾಗಬಹುದು. ರೈನ್ ನದಿಯ ದಡದ ಆ ಪಟ್ಟಣವು 1871ರಲ್ಲಿ ಫ್ರಾನ್ಸಿನಿಂದ ಜರ್ಮನಿಗೆ, 1918ರಲ್ಲಿ ಮರಳಿ ಫ್ರಾನ್ಸಿಗೆ, 1940ರಲ್ಲಿ ಪುನಃ ಜರ್ಮನಿಗೆ, 1944ರಲ್ಲಿ ಮತ್ತೆ ಫ್ರಾನ್ಸಿಗೆ ಕೈ ಬದಲಾಯಿಸಿತು. ಒಂದೇ ಮನೆಯಲ್ಲಿ ಹುಟ್ಟಿ ಒಂದೇ ಮನೆಯಲ್ಲಿ ಬಾಳಿದ ಅಜ್ಜಿಯೊಬ್ಬಳು ನಾಲ್ಕು ಸಲ ದೇಶ ಬದಲಿಸಿದಂತಾಯಿತು. ಇದನ್ನು ಓದಿ ಬೆರಗಾಗುವ ನಾವು, ನಮ್ಮ ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನ ಕಥೆಯನ್ನು ಮಾತ್ರ ಶಾಲೆಯ ಪುಸ್ತಕದ ಒಂದು ಸಾಲಿನಲ್ಲಿ ಮುಗಿಸಿಬಿಡುತ್ತೇವೆ.

ಕೃಷ್ಣೆ ಉತ್ತರಕ್ಕೆ, ತುಂಗಭದ್ರೆ ದಕ್ಷಿಣಕ್ಕೆ. ನಡುವಣ ಭೂಮಿಯೇ ರಾಯಚೂರು ದೋಆಬು. ಇಲ್ಲಿ ಎರೆಭೂಮಿಯ ಫಲವತ್ತತೆಯುಂಟು, ಹಟ್ಟಿಯಲ್ಲಿ ಚಿನ್ನವುಂಟು, ಮಸ್ಕಿಯ ಬಂಡೆಯ ಮೇಲೆ ಅಶೋಕನ ಹೆಸರನ್ನೇ ಹೇಳುವ ಶಾಸನವುಂಟು. ಹದಿನಾಲ್ಕನೆಯ ಶತಮಾನದ ನಡುವಿನಲ್ಲಿ ದಕ್ಷಿಣಕ್ಕೆ ವಿಜಯನಗರವೂ ಉತ್ತರಕ್ಕೆ ಬಹಮನಿ ರಾಜ್ಯವೂ ತಲೆಯೆತ್ತಿದ ಮೇಲೆ, ಈ ನೆಲ ಎರಡಕ್ಕೂ ಬೇಕಾಯಿತು. ರಾಯಚೂರು, ಮುದಗಲ್ಲು ಈ ಎರಡು ಕೋಟೆಗಳನ್ನು ಹಿಡಿದವನೇ ದೋಆಬಿನ ಒಡೆಯ.

ಮುದಗಲ್ಲಿನ ಮೊದಲ ದೊಡ್ಡ ದುರಂತವನ್ನು ಬರೆದಿಟ್ಟವನು ಫೆರಿಸ್ತಾ ಎಂಬ ಪಾರಸಿ ಇತಿಹಾಸಕಾರ. ಸುಲ್ತಾನ ಒಂದನೆಯ ಮಹಮ್ಮದ ಶಾಹನು ಪಾನಗೋಷ್ಠಿಯಲ್ಲಿ ಗಾಯಕರ ಹಾಡಿಗೆ ಮೆಚ್ಚಿ, ಅವರ ಸಂಭಾವನೆಯನ್ನು ವಿಜಯನಗರದ ಬೊಕ್ಕಸದಿಂದ ಕೊಡತಕ್ಕದ್ದೆಂದು ಹುಂಡಿ ಬರೆದನಂತೆ. ಕೆರಳಿದ ಬುಕ್ಕರಾಯನು 1366ರಲ್ಲಿ ತುಂಗಭದ್ರೆಯನ್ನು ದಾಟಿ ಮುದಗಲ್ಲನ್ನು ಹಿಡಿದನು. ಕೋಟೆಯೊಳಗಿದ್ದ ಸುಮಾರು ಎಂಟು ನೂರು ಮಂದಿ, ಹೆಂಗಸರು ಮಕ್ಕಳು ಸಹಿತವಾಗಿ, ಕತ್ತಿಗೆ ಬಲಿಯಾದರು. ಉಳಿದವನು ಒಬ್ಬನೇ. ಅವನು ಓಡಿಹೋಗಿ ಸುದ್ದಿ ತಿಳಿಸಿದಾಗ, ಸಂಗಡಿಗರ ಸಾವನ್ನು ಕಂಡು ಬದುಕಿ ಬಂದವನ ಮುಖವನ್ನು ನೋಡಲಾರೆನೆಂದು ಸುಲ್ತಾನನು ಅವನನ್ನೂ ಕೊಲ್ಲಿಸಿದನು. ಬಳಿಕ ಒಂದು ಲಕ್ಷ ತಲೆಗಳನ್ನು ತೆಗೆಯುವವರೆಗೆ ಕತ್ತಿಯನ್ನು ಒರೆಗೆ ಸೇರಿಸೆನೆಂದು ಶಪಥಗೈದು ದಕ್ಷಿಣಕ್ಕೆ ನುಗ್ಗಿದನು.

ಫೆರಿಸ್ತಾನ ಸಂಖ್ಯೆಗಳನ್ನು ಅಕ್ಷರಶಃ ನಂಬಬೇಕಾಗಿಲ್ಲ. ಅವನು ಬಿಜಾಪುರದ ಆಸ್ಥಾನದಲ್ಲಿ ಕುಳಿತು, ಈ ಘಟನೆಗಳಾಗಿ ಎರಡು ಶತಮಾನಗಳಿಗೂ ಹೆಚ್ಚು ಕಾಲ ಸಂದ ಮೇಲೆ ಬರೆದವನು. ಆದರೆ ಆ ಯುದ್ಧದ ಕೊನೆಯಲ್ಲಿ ಅವನು ಹೇಳುವ ಒಂದು ಸಂಗತಿಯು ಗಮನಾರ್ಹವಾದುದು. ಇನ್ನು ಮುಂದೆ ಉಭಯ ಪಕ್ಷದವರೂ ನಿರಾಯುಧರಾದ ಪ್ರಜೆಗಳನ್ನು ಕೊಲ್ಲತಕ್ಕದ್ದಲ್ಲವೆಂದು ಎರಡು ರಾಜ್ಯಗಳೂ ಒಪ್ಪಿಕೊಂಡವಂತೆ. ಯೂರೋಪಿನ ರಾಷ್ಟ್ರಗಳು ಜಿನೀವಾದಲ್ಲಿ ಸೇರಿ ಗಾಯಾಳು ಯೋಧರ ರಕ್ಷಣೆಗೆಂದು ಒಪ್ಪಂದ ಮಾಡಿಕೊಂಡುದು 1864ರಲ್ಲಿ. ಯುದ್ಧಕಾಲದಲ್ಲಿ ಸಾಮಾನ್ಯ ಪ್ರಜೆಗಳ ರಕ್ಷಣೆಗೆ ಪ್ರತ್ಯೇಕ ಒಡಂಬಡಿಕೆಯಾದುದು 1949ರಷ್ಟು ಈಚೆಗೆ. ಮುದಗಲ್ಲಿನ ರಕ್ತದಿಂದ ಹುಟ್ಟಿದ ಈ ಮಾತನ್ನು ನಮ್ಮವರು ಇನ್ನಷ್ಟು ನೆನೆಯಬೇಕಾಗಿದ್ದಿತು.

ಕೊಲ್ಲಬಾರದೆಂಬ ಮಾತು ಇದ್ದಿತೇ ಹೊರತು ಕೊಳ್ಳೆ ಹೊಡೆಯಬಾರದೆಂಬ ಮಾತು ಇರಲಿಲ್ಲ. 1406ರ ಸುಮಾರಿಗೆ ಮುದಗಲ್ಲಿಗೆ ಮತ್ತೆ ಗಂಡಾಂತರ ಬಂದಿತು. ಈ ಸಲ ನೆಪವಾದವಳು ಒಬ್ಬ ಅಕ್ಕಸಾಲಿಗನ ಮಗಳು. ಫೆರಿಸ್ತಾನ ಪ್ರಕಾರ, ಕಾಶಿಯಿಂದ ಮರಳುತ್ತಿದ್ದ ಬ್ರಾಹ್ಮಣನೊಬ್ಬನು ಆ ಮನೆಯಲ್ಲಿ ತಂಗಿ, ಹುಡುಗಿಗೆ ಸಂಗೀತ ಕಲಿಸಿ, ಅವಳ ರೂಪವನ್ನು ಒಂದನೆಯ ದೇವರಾಯನ ಮುಂದೆ ವರ್ಣಿಸಿದನು. ರಾಯನು ಉಡುಗೊರೆಗಳನ್ನು ಕಳುಹಿಸಿದನು. ತಾಯಿತಂದೆಗಳು ಹಿಗ್ಗಿದರು, ಹುಡುಗಿ ಒಪ್ಪಲಿಲ್ಲ. ರಾಯನ ಅಂತಃಪುರವನ್ನು ಹೊಕ್ಕವಳು ಮತ್ತೆ ಹೆತ್ತವರ ಮುಖ ಕಾಣುವಂತಿಲ್ಲವೆಂಬುದೇ ಅವಳ ಆಕ್ಷೇಪ. ಆಗ ರಾಯನು ಕುದುರೆಯ ದಂಡನ್ನೇ ಕಳುಹಿಸಿದನು. ದಂಡು ಬರುವ ಸುದ್ದಿ ಕೇಳಿ ಊರವರು ಓಡಿದರು, ಅಕ್ಕಸಾಲಿಗನ ಮನೆಯವರೂ ಓಡಿದರು. ಬರಿಗೈಯಲ್ಲಿ ಹಿಂದಿರುಗಿದ ಸವಾರರು ದಾರಿಯ ಹಳ್ಳಿಗಳನ್ನೆಲ್ಲ ಸುಲಿದರು. ಅದಕ್ಕೆ ಪ್ರತೀಕಾರವೆಂದು ಸುಲ್ತಾನ ಫಿರೋಜ ಶಾಹನು ವಿಜಯನಗರದ ಮೇಲೆ ಏರಿಹೋದನು. ಬಂಕಾಪುರವನ್ನು ಪಡೆದನು, ರಾಯನ ಮಗಳನ್ನು ಮದುವೆಯಾದನು. ಕೊನೆಗೆ ಮುದಗಲ್ಲಿನ ಹುಡುಗಿಯನ್ನು ಕರೆಸಿ ತನ್ನ ಮಗ ಹಸನ ಖಾನನಿಗೆ ಕೊಟ್ಟನು.

ಇದೆಲ್ಲವೂ ನಡೆದದ್ದು ಹೀಗೆಯೇ ಎಂದು ಇಂದಿನ ವಿದ್ವಾಂಸರೆಲ್ಲ ಒಪ್ಪುವುದಿಲ್ಲ. ತಾನು ಮುಂದೆ ಮುಸಲ್ಮಾನ ರಾಜಕುಮಾರನ ಕೈಹಿಡಿಯುವೆನೆಂದು ಅವಳ ಅಂತರಂಗಕ್ಕೆ ಮೊದಲೇ ತಿಳಿದಿದ್ದಿತೆಂದು ಫೆರಿಸ್ತಾ ಬರೆಯುತ್ತಾನೆ. ಸುಲ್ತಾನರ ಆಶ್ರಯದಲ್ಲಿದ್ದ ಬರಹಗಾರನು ಇನ್ನೇನನ್ನು ತಾನೆ ಬರೆಯಬಲ್ಲನು? ಹೆತ್ತವರನ್ನು ಅಗಲಲಾರೆನೆಂಬ ಮೊದಲ ಮಾತೇ ಹುಡುಗಿಯ ಸ್ವಂತ ಮಾತಿನಂತೆ ಕೇಳಿಸುತ್ತದೆ. ಕಾಳಗಕ್ಕೆ ಕಾರಣ ಚೆಲುವೆಯೆಂದು ಬರೆಯುವುದು ಎಲ್ಲ ದೇಶದ ಚರಿತ್ರಕಾರರಿಗೂ ಪ್ರಿಯವಾದ ಪದ್ಧತಿ. ಎರಡು ಬೊಕ್ಕಸಗಳ ಕಣ್ಣು ಈ ಎರೆಭೂಮಿಯ ಕಂದಾಯದ ಮೇಲಿದ್ದಿತೆಂಬುದು ಅಷ್ಟು ರಸವತ್ತಾದ ಸಂಗತಿಯಲ್ಲ.

ಮುಂದಿನ ಒಂದು ಶತಮಾನದಲ್ಲಿ ಕೋಟೆಯು ಅತ್ತಿಂದಿತ್ತ ಕೈ ಬದಲಾಯಿಸುತ್ತಲೇ ಇದ್ದಿತು. 1520ರಲ್ಲಿ ಕೃಷ್ಣದೇವರಾಯನು ರಾಯಚೂರಿಗೆ ಮುತ್ತಿಗೆ ಹಾಕಿದನು; ನೆರವಿಗೆ ಬಂದ ಇಸ್ಮಾಯಿಲ್ ಆದಿಲಶಾಹನು ಸೋತು ಕೃಷ್ಣೆಯನ್ನು ದಾಟಿ ಓಡಿದನು. ಕುದುರೆ ಕೊಳ್ಳಲೆಂದು ರಾಯನು ಕೊಟ್ಟ ಹಣದೊಡನೆ ವರ್ತಕನೊಬ್ಬನು ಆದಿಲಶಾಹನ ರಾಜ್ಯಕ್ಕೆ ಓಡಿಹೋದುದೇ ಈ ಯುದ್ಧಕ್ಕೆ ನೆಪವೆಂದು ಪೋರ್ತುಗೀಜ ಕುದುರೆ ವ್ಯಾಪಾರಿ ನೂನಿಜನು ಬರೆದಿದ್ದಾನೆ. ಕ್ರಿಸ್ತೊವಾವ್ ದೆ ಫಿಗೆರೆದೊ ಎಂಬವನು ಇಪ್ಪತ್ತು ಮಂದಿ ಪೋರ್ತುಗೀಜ ಕೋವಿಕಾರರೊಡನೆ ಬಂದು, ಗೋಡೆಯ ಮೇಲೆ ತಲೆಯೆತ್ತಿದವರನ್ನು ಒಬ್ಬೊಬ್ಬರಾಗಿ ಉರುಳಿಸಿದನು. ಕೋಟೆಯ ಅಧಿಪತಿಯೇ ಹೀಗೆ ಸತ್ತ ಮೇಲೆ ನಗರವು ಶರಣಾಯಿತು. ರಾಯನು ನಗರವಾಸಿಗಳಿಗೆ ಅಭಯ ಕೊಟ್ಟನೆಂದು ನೂನಿಜನ ಹೇಳಿಕೆ. ಮುದಗಲ್ಲೂ ಅವನ ವಶವಾಯಿತು. ಹತ್ತು ವರ್ಷ ಕಳೆಯುವಷ್ಟರಲ್ಲಿ ಕೃಷ್ಣದೇವರಾಯನು ತೀರಿಕೊಂಡು, ಎರಡು ಕೋಟೆಗಳೂ ಮರಳಿ ಆದಿಲಶಾಹನ ಪಾಲಾದವು.

1565ರಲ್ಲಿ ರಕ್ಕಸಗಿ ತಂಗಡಗಿಯ ಕಾಳಗವಾಗಿ ವಿಜಯನಗರವು ಹಾಳಾದ ಮೇಲೆ ಮುದಗಲ್ಲು ಬಿಜಾಪುರದಲ್ಲಿಯೇ ನಿಂತಿತು. ಆದಿಲಶಾಹಿಗಳ ಕಾಲದ ಕ್ರೈಸ್ತರ ನೆಲೆ ಇಲ್ಲಿ ಇಂದಿಗೂ ಉಂಟು. ಇಲ್ಲಿಯ ಮೊಹರಮ್ಮಿಗೆ ಹಿಂದೂಗಳೂ ಮುಸಲ್ಮಾನರೂ ದೂರದ ಊರುಗಳಿಂದ ಬಂದು ಸೇರುತ್ತಾರೆ. ಹರಕೆ ಹೊರುವವರಲ್ಲಿ ಯಾರು ಯಾರೆಂದು ಬೇರ್ಪಡಿಸುವುದು ಕಷ್ಟ.

ಬಿಜಾಪುರವು 1686ರಲ್ಲಿ ಔರಂಗಜೇಬನಿಗೆ ಬಿದ್ದಿತು. ಮುಂದೆ ದೋಆಬು ನಿಜಾಮರದಾಯಿತು. ಇಲ್ಲಿಂದ ಮುಂದೆ ಗಡಿ ಬದಲಾದುದು ಕಾಗದದ ಮೇಲೆ. ಇಂಗ್ಲಿಷರ ಹತೋಟಿಯ ಸೈನ್ಯದ ಸಂಬಳದ ಬಾಕಿಗೆಂದು ನಿಜಾಮನು 1853ರಲ್ಲಿ ದೋಆಬನ್ನು ಅವರಿಗೆ ವಹಿಸಿದನು; 1857ರ ದಂಗೆಯಲ್ಲಿ ತಮ್ಮ ಪಕ್ಷದಲ್ಲಿ ನಿಂತುದಕ್ಕಾಗಿ 1860ರಲ್ಲಿ ಅವರು ಅದನ್ನು ಹಿಂದಕ್ಕೆ ಕೊಟ್ಟರು. ಸಾಲಕ್ಕೆ ಒತ್ತೆಯಿಟ್ಟ ಒಡವೆಯಂತೆ ಒಂದು ನಾಡು ಹೋಯಿತು, ಬಂದಿತು.

1947ರ ಆಗಸ್ಟಿನಲ್ಲಿ ತುಂಗಭದ್ರೆಯ ದಕ್ಷಿಣದಲ್ಲಿ ಸ್ವಾತಂತ್ರ್ಯದ ಧ್ವಜವೇರಿತು, ಉತ್ತರದಲ್ಲಿ ಏರಲಿಲ್ಲ. ಹೈದರಾಬಾದು ಪ್ರತ್ಯೇಕವಾಗಿಯೇ ನಿಂತಿತು. ರಜಾಕಾರರ ಹಾವಳಿಗೆ ಹೆದರಿ, ಪಾತ್ರೆಪಡಗ ಕಟ್ಟಿಕೊಂಡು ಗಡಿಯಾಚೆಗೆ ಹೋದ ಕುಟುಂಬಗಳು ಬಹಳ. ಮುಂಡರಗಿ, ಗಜೇಂದ್ರಗಡಗಳಲ್ಲಿ ಹೋರಾಟಗಾರರ ಶಿಬಿರಗಳಾದವು. ಮೊದಲನೆಯದಕ್ಕೆ ಅಳವಂಡಿ ಶಿವಮೂರ್ತಿಸ್ವಾಮಿಗಳು, ಎರಡನೆಯದಕ್ಕೆ ಪುಂಡಲೀಕಪ್ಪ ಜ್ಞಾನಮೋಠೆಯವರು ಮುಂದಾಳುಗಳು. 1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆಯು ಹೈದರಾಬಾದು ಸಂಸ್ಥಾನವನ್ನು ಹೊಕ್ಕಿತು. 17ರಂದು ನಿಜಾಮನು ಶರಣಾದನು. 1953ರಲ್ಲಿ ಬಳ್ಳಾರಿ ಮೈಸೂರನ್ನು ಸೇರಿತು, 1956ರ ನವೆಂಬರ್ 1ರಂದು ರಾಯಚೂರೂ ಸೇರಿತು. ನದಿ ಗಡಿಯಾಗಿರುವುದು ಅಂದಿಗೆ ಮುಗಿಯಿತು.

ಅಣೆಕಟ್ಟಾಗಿ ಎಡದಂಡೆಯ ಕಾಲುವೆ ಹರಿದ ಮೇಲೆ ಸಿಂಧನೂರಿನ ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ಇಲ್ಲಿಗೆ ಸರಕಾರವು ಬಂಗಾಳದ ನಿರಾಶ್ರಿತರನ್ನು ತಂದು ನೆಲೆಗೊಳಿಸಿತು. ಬಂಗಾಳವನ್ನು ಸೀಳಿದ ಇನ್ನೊಂದು ಗೆರೆಯಿಂದ ಓಡಿಬಂದವರು ಅವರು. ಅವರ ಊರುಗಳನ್ನು ಸುತ್ತಲಿನವರು ಇಂದಿಗೂ ‘ಕ್ಯಾಂಪು’ ಎಂದೇ ಕರೆಯುತ್ತಾರೆ.