ಹ್ಯಾಂಡಲಿನ ಏರ್‌ಬ್ಯಾಗೂ ಮುಂದೆ ನಿಂತ ಮಗುವೂ

ಬೆಂಗಳೂರಿನಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬ ಮಿಂಚಂಚೆ ಬರೆದಿದ್ದಾನೆ: “ಮೇಷ್ಟ್ರೇ, ಬೈಕಿಗೂ ಏರ್‌ಬ್ಯಾಗ್ ಬಂದರೆ ಅರ್ಧದಷ್ಟು ಸಾವು ತಪ್ಪಿದ ಹಾಗೆಯೇ ಅಲ್ಲವೇ?” ಅಲ್ಲಪ್ಪ. ಏಕೆ ಅಲ್ಲವೆಂಬುದನ್ನು ಉಳಿದವರೂ ಓದಲೆಂದು ಇಲ್ಲಿಯೇ ಬರೆಯುತ್ತಿದ್ದೇನೆ.

ಸಂಗತಿ ಹೊಸದೇನಲ್ಲ. ಹೋಂಡಾ ಕಂಪನಿಯು 2006ರಲ್ಲಿಯೇ ತನ್ನ ಗೋಲ್ಡ್ ವಿಂಗ್ ಬೈಕಿಗೆ ಏರ್‌ಬ್ಯಾಗ್ ಅಳವಡಿಸಿತು. ನಾಲ್ಕು ಕ್ವಿಂಟಾಲಿಗೂ ಮಿಕ್ಕಿ ತೂಗುವ ವಾಹನವದು. ಮುಂದಿನ ಫೋರ್ಕಿನಲ್ಲಿರುವ ಸೆನ್ಸರುಗಳು ಬಲವಾದ ಢಿಕ್ಕಿಯನ್ನು ಗುರುತಿಸಿದೊಡನೆ ಚೀಲ ಉಬ್ಬಿ, ಮುಂದಕ್ಕೆ ಚಿಮ್ಮುವ ಸವಾರನನ್ನು ತಡೆಯುತ್ತದೆ. ಆದರೆ ಢಿಕ್ಕಿ ಎದುರಿನಿಂದಲೇ ಆಗಬೇಕು. ಕಾರಿನಲ್ಲಾದರೆ ಸೀಟ್ ಬೆಲ್ಟ್ ಮನುಷ್ಯನನ್ನು ಚೀಲದ ಎದುರಿಗೇ ಹಿಡಿದಿಡುತ್ತದೆ, ಬೈಕಿನವನನ್ನು ಹಿಡಿದಿಡುವವರಾರು? ನಮ್ಮ ಪಿ.ಬಿ. ರಸ್ತೆಯಲ್ಲಿ ಜನ ಮರಳಿನಲ್ಲಿ ಜಾರಿ ಬೀಳುತ್ತಾರೆ, ಬಣ್ಣ ಕಾಣದ ಹಂಪಿನ ಮೇಲೆ ಹಾರಿ ಬೀಳುತ್ತಾರೆ, ಹಿಂದಿನಿಂದ ಲಾರಿ ತಾಗಿ ಬೀಳುತ್ತಾರೆ. ಆಗೆಲ್ಲ ಹ್ಯಾಂಡಲಿನ ಚೀಲ ಮಡಿಸಿಟ್ಟಂತೆಯೇ ಇರುತ್ತದೆ.

ಇನ್ನೂ ಗಂಭೀರವಾದ ಮಾತೊಂದಿದೆ. ಶಾಲೆಯ ವೇಳೆಗೆ ನಮ್ಮ ದೇವರಾಜ ಅರಸು ಬಡಾವಣೆಯ ಯಾವುದೇ ತಿರುವಿನಲ್ಲಿ ನಿಂತು ನೋಡಿ. ಅಪ್ಪ ಸ್ಕೂಟರ್ ಓಡಿಸುತ್ತಾನೆ, ಅಮ್ಮ ಹಿಂದೆ, ಮಗು ಹ್ಯಾಂಡಲ್ ಹಿಡಿದು ಮುಂದೆ ನಿಂತಿರುತ್ತದೆ. ಕಣ್ಣೆವೆಯಿಕ್ಕುವುದರೊಳಗೆ ಉಬ್ಬುವ ಚೀಲ ಮೊದಲು ಬಡಿಯುವುದು ಆ ಮಗುವಿನ ಮುಖಕ್ಕೆ. ಕಾರಿನಲ್ಲಿಯೇ ಚಿಕ್ಕ ಮಕ್ಕಳನ್ನು ಏರ್‌ಬ್ಯಾಗಿನ ಎದುರು ಕೂರಿಸಬಾರದೆಂಬ ಎಚ್ಚರಿಕೆಯಿದೆ. 9 ತಿಂಗಳಿಂದ 4 ವರ್ಷದವರೆಗಿನ ಮಗುವಿಗೆ ಹೆಲ್ಮೆಟ್ ಇರಬೇಕು, ಅದನ್ನು ಪಟ್ಟಿಯಿಂದ ಸವಾರನಿಗೆ ಬಿಗಿದಿರಬೇಕು, ವೇಗ ಗಂಟೆಗೆ 40 ಕಿ.ಮೀ. ಮೀರಬಾರದು ಎಂಬ ಕೇಂದ್ರದ ನಿಯಮ 2023ರ ಫೆಬ್ರುವರಿಯಿಂದ ಜಾರಿಯಲ್ಲಿದೆ. ಅಂಥ ಪಟ್ಟಿಯೊಂದನ್ನು ನಾನು ಈ ಬಡಾವಣೆಯಲ್ಲಿ ಇದುವರೆಗೆ ಕಂಡಿಲ್ಲ. ನಮ್ಮ ಬಂಧುಗಳ ಸ್ಕೂಟರುಗಳಲ್ಲಿಯೂ ಕಂಡಿಲ್ಲ, ಬೇಸರಿಸಬೇಡಿ.

ಮೈಮೇಲೆ ತೊಡುವ ಏರ್‌ಬ್ಯಾಗ್ ಜಾಕೆಟ್ಟಿನ ಬಗ್ಗೆ ನನಗೆ ತಕರಾರಿಲ್ಲ. ಮೋಟೋಜಿಪಿ ಪಂದ್ಯಗಳಲ್ಲಿ 2018ರಿಂದ ಏರ್‌ಬ್ಯಾಗ್ ಉಡುಪು ಕಡ್ಡಾಯ. ಸವಾರ ಎತ್ತ ಬಿದ್ದರೂ ಅದು ಅವನೊಡನೆಯೇ ಹೋಗಿ ಎದೆ, ಹೆಗಲುಗಳನ್ನು ಕಾಯುತ್ತದೆ. (ಆ ಪಂದ್ಯದ ಕಣದಲ್ಲಿ ಎಮ್ಮೆ ಅಡ್ಡ ಬರುವುದಿಲ್ಲವೆಂಬುದನ್ನೂ ನೆನಪಿಡಿ.) ಆದರೆ ತಲೆಗೆ ಅದು ಆಸರೆಯಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ; ಅವರಲ್ಲಿ 50,029 ಮಂದಿ ಹೆಲ್ಮೆಟ್ ಧರಿಸದಿದ್ದ ದ್ವಿಚಕ್ರ ಸವಾರರು ಹಾಗೂ ಹಿಂಬದಿ ಸವಾರರು. ಪೊಲೀಸರು ಕಂಡಾಗ ಮೊಳಕೈಯಿಂದ ತಲೆಗೇರುವ ಹೆಲ್ಮೆಟ್, ಬೋಗುಣಿ ಮಗುಚಿದಂತಹ ಅರ್ಧ ಹೆಲ್ಮೆಟ್, ಬಿಗಿಯದೆ ಜೋತಾಡುವ ಪಟ್ಟಿ: ಇವನ್ನು ಹಾಗೆಯೇ ಬಿಟ್ಟು ಗಾಳಿಚೀಲದ ಕನಸು ಕಾಣುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಜಾಕೆಟ್ ನಿಜವಾಗಿ ಬೇಕಾದವರು ಬೇರೆಯೇ ಇದ್ದಾರೆ. ದಾವಣಗೆರೆಯ ಮಧ್ಯಾಹ್ನದ ಬಿಸಿಲಿನಲ್ಲಿ ಊಟದ ಪೊಟ್ಟಣ ಹೊತ್ತು ದಿನವಿಡೀ ಬೈಕಿನ ಮೇಲಿರುವ ಹುಡುಗರು ಅವರು. ಅದರ ಬೆಲೆ ಸಾವಿರಾರು ರೂಪಾಯಿ. ಒಮ್ಮೆ ಉಬ್ಬಿದರೆ ಅನಿಲದ ಸಿಲಿಂಡರನ್ನೂ ಬದಲಿಸಬೇಕು. ಆ ಹುಡುಗರು ಎಲ್ಲಿಂದ ತಂದಾರು? ಅವರ ಆತುರದಿಂದ ಲಾಭ ಪಡೆಯುವ ಕಂಪನಿಗಳೇ ಒಳ್ಳೆಯ ಹೆಲ್ಮೆಟ್ಟಿನೊಂದಿಗೆ ಅದನ್ನೂ ಕೊಡಿಸಲಿ, ಸಂಬಳದಲ್ಲಿ ಹಿಡಿಯದೆ.