ಪಂದ್ಯಗಳ ಸಂಖ್ಯೆಯೂ ಪ್ರಜೆಗಳ ದೇಹಬಲವೂ

ಈಜು, ಸೈಕಲ್ ಸವಾರಿ, ಓಟ ಈ ಮೂರನ್ನೂ ಎಡೆಬಿಡದೆ ಒಂದೇ ದಿನ ಪೂರೈಸಬೇಕಾದ ಟ್ರಯಥ್ಲಾನ್ ಪಂದ್ಯಗಳೂ, ಮ್ಯಾರಥಾನ್ ಮೊದಲಾದ ದೀರ್ಘದೂರದ ಓಟಗಳೂ ನಮ್ಮ ಕಾಲದಲ್ಲಿ ಬಹುವಾಗಿ ಹೆಚ್ಚಿರುವುವು. ಇದನ್ನು ಕಂಡು ಹಲವರು ಹರ್ಷಪಡುತ್ತಿರುವರು, ನಾವೂ ಹರ್ಷಪಡತಕ್ಕವರೇ. ಆದರೆ ಪಂದ್ಯಗಳು ಹೆಚ್ಚಿದ ಮಾತ್ರಕ್ಕೆ ಪ್ರಜೆಗಳ ದೇಹಬಲವೂ ಹೆಚ್ಚಿತೆಂದು ಎಣಿಸುವುದು ವಿಚಾರವಂತರಿಗೆ ಒಪ್ಪತಕ್ಕದ್ದಲ್ಲ.

ಬೆಳವಣಿಗೆಯೇನೋ ಆಶ್ಚರ್ಯಕರವಾದುದೇ. 1974ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋ ನಗರದಲ್ಲಿ ನಡೆದ ಟ್ರಯಥ್ಲಾನಿಗೆ ಬಂದವರು 46 ಮಂದಿ. 1978ರಲ್ಲಿ ಹವಾಯಿಯ ಮೊದಲನೆಯ 'ಐರನ್‌ಮ್ಯಾನ್' ಪಂದ್ಯಕ್ಕೆ ಹೊರಟವರು 15, ಮುಗಿಸಿದವರು 12. ನ್ಯೂಯಾರ್ಕ್ ಮ್ಯಾರಥಾನನ್ನು 1970ರಲ್ಲಿ ಮುಗಿಸಿದವರು 55 ಮಂದಿಯಾದರೆ, 2024ರಲ್ಲಿ ಮುಗಿಸಿದವರು 55 ಸಾವಿರಕ್ಕೂ ಮೇಲ್ಪಟ್ಟರು. ಸಿಡ್ನಿಯಲ್ಲಿ 2000ದಲ್ಲಿ ನಡೆದ ಒಲಿಂಪಿಕ್ ಕ್ರೀಡೆಗಳಲ್ಲಿ ಟ್ರಯಥ್ಲಾನಿಗೂ ಸ್ಥಾನ ದೊರೆಯಿತು.

ಆದರೆ ಈ ವೃದ್ಧಿಯ ಹಿಂದೆ ಉತ್ಸಾಹವೊಂದೇ ಅಲ್ಲ, ವ್ಯಾಪಾರವೂ ಉಂಟು. ಕೆಲವು ಮಿತ್ರರ ಪಂತವಾಗಿ ಹುಟ್ಟಿದ ಐರನ್‌ಮ್ಯಾನ್, 1990ರಲ್ಲಿ ಸುಮಾರು 30 ಲಕ್ಷ ಡಾಲರುಗಳಿಗೆ ಮಾರಾಟವಾಯಿತು. 2015ರಲ್ಲಿ ಅದರ ಬೆಲೆ ಸುಮಾರು 65 ಕೋಟಿ ಡಾಲರುಗಳಿಗೆ ಏರಿತು. ಲಾಭವಿರುವ ಕಡೆ ಪಂದ್ಯಗಳು ಹೆಚ್ಚುವುದು ಸಹಜ. ಲಾಭ ಕುಂದಿದಂದು ಅವು ಉಳಿಯುವುವೆಂದು ಯಾರು ಹೇಳಬಲ್ಲರು?

ನಮ್ಮ ದೇಶದಲ್ಲಿಯೂ ಈ ಗಾಳಿ ಬೀಸಿದೆ. 2004ರಲ್ಲಿ ಮುಂಬಯಿಯ ಮ್ಯಾರಥಾನ್, 2008ರಲ್ಲಿ ಬೆಂಗಳೂರಿನ ಹತ್ತು ಕಿಲೋಮೀಟರ್ ಓಟ, 2019ರಲ್ಲಿ ಗೋವೆಯ ಅರ್ಧ ಐರನ್‌ಮ್ಯಾನ್ ಆರಂಭವಾದುವು. ಇಂತಹ ಪಂದ್ಯಗಳು ಅನೇಕರನ್ನು ಹಾಸಿಗೆಯಿಂದೆಬ್ಬಿಸಿ ಬೀದಿಗೆ ತಂದಿರುವುವೆಂಬುದು ನಿಜ. ಆ ಉಪಕಾರವನ್ನು ನಾವು ಮರೆಯೆವು. ಆದರೆ ಪಂದ್ಯದ ದಿನ ವಾಹನಗಳನ್ನು ತಡೆದು ಓಟಗಾರರಿಗೆ ಬಿಟ್ಟುಕೊಟ್ಟ ರಸ್ತೆಯಲ್ಲಿ, ಮರುದಿನ ಮುದುಕರೂ ಮಕ್ಕಳೂ ನಡೆಯಲು ಕಾಲುದಾರಿಯಿಲ್ಲ. ಪ್ರವೇಶಶುಲ್ಕವನ್ನೂ ಬೆಲೆಯುಳ್ಳ ಸೈಕಲ್ಲನ್ನೂ ಹೊಂದಿಸಬಲ್ಲವನಿಗೆ ಪಂದ್ಯವುಂಟು. ಗುಮಾಸ್ತನ ಮಗನಿಗೆ ಈಜು ಕಲಿಯಲು ಕೊಳವೆಲ್ಲಿ?

ಆದುದರಿಂದ ಪುರಸಭೆಗಳಲ್ಲಿಯೂ ಅಧಿಕಾರಿವರ್ಗದಲ್ಲಿಯೂ ನಮ್ಮ ವಿಜ್ಞಾಪನೆಯಿಷ್ಟೇ: ಪಂದ್ಯಕ್ಕೆ ಅಪ್ಪಣೆ ಕೊಡುವಾಗ ಪಡೆಯುವ ಹಣದಲ್ಲಿ ಒಂದು ಭಾಗವನ್ನು ಊರಿನ ಈಜುಕೊಳಕ್ಕೂ ಆಟದ ಬಯಲಿಗೂ ಮೀಸಲಿಡಲಿ, ಪಾಠಶಾಲೆಗಳ ಬಯಲುಗಳನ್ನು ಬೆಳಗು ಸಂಜೆ ಸರ್ವರಿಗೂ ತೆರೆದಿಡಲಿ. ವರ್ಷಕ್ಕೆ ಎಷ್ಟು ಪಂದ್ಯಗಳು ನಡೆದುವೆಂಬ ಲೆಕ್ಕದ ಜೊತೆಗೆ, ದಿನವೂ ಎಷ್ಟು ಜನ ನಡೆದರು, ಈಜಿದರು, ಓಡಿದರೆಂಬ ಲೆಕ್ಕವನ್ನೂ ಇಡುವ ಪುರಸಭೆಯನ್ನು ಅಭಿನಂದಿಸಲು ನಾವು ಕಾದಿರುವೆವು.